ಸೀಲ್ ಒಡೆಯದ ಬೇಸ್‌ಬಾಲ್ ಕಾರ್ಡ್ ಬಾಕ್ಸ್‌ಗಳಿಂದ ಸಂಗ್ರಹ ಕಟ್ಟುವುದು ಹೇಗೆ?

ಬೇಸ್‌ಬಾಲ್ ಕಾರ್ಡುಗಳನ್ನು ಸಂಗ್ರಹಿಸಲು ಅಮೆರಿಕದಲ್ಲಿ ಎರಡು ದಾರಿಗಳಿವೆ. ಬೇಕಾದ ಕಾರ್ಡನ್ನೇ ಹುಡುಕಿ ಬಿಡಿಯಾಗಿ ಕೊಳ್ಳುವುದು ಒಂದು; ಕಂಪನಿ ಸೀಲ್ ಮಾಡಿ ಕಳುಹಿಸಿದ ಬಾಕ್ಸನ್ನು ಕೊಂಡು, ಒಳಗಿನ ಪ್ಯಾಕ್‌ಗಳನ್ನು ಒಂದೊಂದಾಗಿ ಬಿಡಿಸಿ, ಬಂದದ್ದನ್ನು ಜೋಡಿಸುತ್ತ ಹೋಗುವುದು ಇನ್ನೊಂದು. ಎರಡನೆಯದರಲ್ಲಿ ಖುಷಿಯೂ ಹೆಚ್ಚು, ಖರ್ಚೂ ಹೆಚ್ಚು. ಈ ಬರಹ ಎರಡನೆಯ ದಾರಿ ಹಿಡಿದವರಿಗಾಗಿ. ನ್ಯೂಜೆರ್ಸಿಯಲ್ಲೋ ಕ್ಯಾಲಿಫೋರ್ನಿಯಾದಲ್ಲೋ ನೆಲೆಸಿ, ಮಕ್ಕಳ ಒತ್ತಾಯಕ್ಕೆ ಮಣಿದು ಕಾರ್ಡ್ ಅಂಗಡಿಯ ಮೆಟ್ಟಿಲು ಹತ್ತಿದ ಕನ್ನಡಿಗ ತಂದೆತಾಯಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ: ಸೀಲ್ ಮಾಡಿದ ಬಾಕ್ಸ್ ಸಂಗ್ರಹಕ್ಕೆ ಬುನಾದಿ ಹಾಕಲು ಒಳ್ಳೆಯ ಸಾಧನ, ಸಂಗ್ರಹವನ್ನು ಪೂರ್ತಿಗೊಳಿಸಲು ಕೆಟ್ಟ ಸಾಧನ, ಹಣ ಮಾಡಲು ಇನ್ನೂ ಕೆಟ್ಟ ಸಾಧನ. ಎಲ್ಲಿ ನಿಲ್ಲಿಸಬೇಕೆಂದು ತಿಳಿದವರಿಗೆ ಮಾತ್ರ ಇದು ಒಗ್ಗುತ್ತದೆ.

ಹಣದ ಮಾತು ಬಂದದ್ದರಿಂದ ಒಂದು ಪ್ರಸಂಗ. ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡದ ಪಿಚರ್ (ಚೆಂಡೆಸೆಯುವ ಆಟಗಾರ) ಪಾಲ್ ಸ್ಕೀನ್ಸ್ ಅವರ, ಜಗತ್ತಿನಲ್ಲಿ ಒಂದೇ ಪ್ರತಿಯಿರುವ ಕಾರ್ಡೊಂದು 2025ರ ಮಾರ್ಚ್‌ನಲ್ಲಿ 11 ಲಕ್ಷ ಡಾಲರಿಗೂ ಹೆಚ್ಚಿನ ಬೆಲೆಗೆ ಹರಾಜಾಯಿತು. ಅವರು ಮೊದಲ ಪಂದ್ಯದಲ್ಲಿ ತೊಟ್ಟ ಜೆರ್ಸಿಯ ಮೇಲಿದ್ದ ಪಟ್ಟಿಯನ್ನೇ ಆ ಕಾರ್ಡಿನಲ್ಲಿ ಕೂರಿಸಲಾಗಿತ್ತು; ಅದು ಸಿಕ್ಕಿದ್ದು ಲಾಸ್ ಏಂಜಲೀಸ್ ಕಡೆಯ 11 ವರ್ಷದ ಹುಡುಗನಿಗೆ. ಸುದ್ದಿ ಹಬ್ಬಿದ ಮೇಲೆ ಎಲ್ಲರಿಗೂ ತಮ್ಮ ಬಾಕ್ಸಿನಲ್ಲೂ ಅಂಥದ್ದು ಅಡಗಿರಬಹುದೆಂಬ ಆಸೆ ಹುಟ್ಟುವುದು ಸಹಜ. ಆದರೆ ಆ ಇಡೀ ಮುದ್ರಣದಲ್ಲಿ ಅದು ಇದ್ದದ್ದು ಒಂದೇ ಒಂದು ಎಂಬುದನ್ನು ಮರೆತು ಬಾಕ್ಸ್ ಕೊಂಡರೆ, ಅದು ಸಂಗ್ರಹವಲ್ಲ, ಲಾಟರಿ.

ಮೊದಲ ಹೆಜ್ಜೆ: ಏನನ್ನು ಕಟ್ಟುತ್ತೀರಿ?

ಬಾಕ್ಸ್ ಕೊಳ್ಳುವ ಮೊದಲು ಈ ಪ್ರಶ್ನೆಗೆ ಒಂದು ವಾಕ್ಯದ ಉತ್ತರ ಬರೆದಿಟ್ಟುಕೊಳ್ಳಿ. ಒಂದು ವರ್ಷದ ಸೆಟ್ಟನ್ನು 1ನೇ ಸಂಖ್ಯೆಯಿಂದ ಕೊನೆಯವರೆಗೆ ಜೋಡಿಸುವ ಉದ್ದೇಶವಿದ್ದರೆ ಬಾಕ್ಸ್ ಸರಿಯಾದ ಆಯ್ಕೆ. ಒಂದೇ ತಂಡದ ಅಥವಾ ಒಬ್ಬನೇ ಆಟಗಾರನ ಕಾರ್ಡುಗಳು ಬೇಕಿದ್ದರೆ ಬಾಕ್ಸಿನ ಗೋಜಿಗೇ ಹೋಗಬೇಡಿ. ಬೇಸ್‌ಬಾಲ್‌ನ ಅತ್ಯುನ್ನತ ವೃತ್ತಿಪರ ಕೂಟವಾದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. 330 ಕಾರ್ಡುಗಳ ಸೆಟ್ಟಿನಲ್ಲಿ ಒಂದು ತಂಡದ ಪಾಲಿಗೆ ಸರಾಸರಿ 11 ಕಾರ್ಡುಗಳು ಬರುತ್ತವೆ. ಯಾಂಕೀಸ್ ಅಭಿಮಾನಿಯೊಬ್ಬ ಆ 11 ಕಾರ್ಡುಗಳಿಗಾಗಿ ಬಾಕ್ಸ್ ಒಡೆದರೆ, ಉಳಿದ 29 ತಂಡಗಳ ಆಟಗಾರರಿಗೂ ದುಡ್ಡು ತೆತ್ತಂತಾಗುತ್ತದೆ. ಅಂಥವರಿಗೆ ತಂಡವಾರು ಬಿಡಿ ಸೆಟ್ಟುಗಳು ಅಗ್ಗದಲ್ಲಿ ಸಿಗುತ್ತವೆ.

ಹೊಸ ಆಟಗಾರರ ರೂಕಿ ಕಾರ್ಡುಗಳಿಗಾಗಿ ಬಾಕ್ಸ್ ಕೊಳ್ಳುವವರು ಮೂರನೆಯ ಗುಂಪು. 2006ರಿಂದ ಮೇಜರ್ ಲೀಗ್‌ನ ಅಧಿಕೃತ ರೂಕಿ ಕಾರ್ಡುಗಳ ಮೇಲೆ ‘ಆರ್‌ಸಿ’ ಎಂಬ ಲಾಂಛನವಿರುತ್ತದೆ, ಹಾಗಾಗಿ ಗುರುತಿಸುವುದು ಕಷ್ಟವಲ್ಲ. ಆದರೆ ಯಾವ ಹುಡುಗ ಮುಂದೆ ದೊಡ್ಡ ಆಟಗಾರನಾಗುತ್ತಾನೆಂದು ಊಹಿಸುವುದು ತಂಡಗಳ ವೃತ್ತಿಪರ ಆಯ್ಕೆಗಾರರಿಗೇ ಸಾಧ್ಯವಾಗದ ಮಾತು.

ಯಾವ ಕಂಪನಿ, ಯಾವ ಸೆಟ್?

ಟಾಪ್ಸ್ ಕಂಪನಿ ಬೇಸ್‌ಬಾಲ್ ಕಾರ್ಡುಗಳನ್ನು ತರಲು ಆರಂಭಿಸಿದ್ದು 1951ರಲ್ಲಿ. ಮರುವರ್ಷದ 407 ಕಾರ್ಡುಗಳ ಸೆಟ್ ಇಂದಿಗೂ ಈ ಹವ್ಯಾಸದ ಮೇರು. ಅದರ 311ನೇ ಕಾರ್ಡು, ಯಾಂಕೀಸ್ ತಂಡದ ಹೆಸರಾಂತ ಆಟಗಾರ ಮಿಕ್ಕಿ ಮ್ಯಾಂಟಲ್ ಅವರದ್ದು, 2022ರಲ್ಲಿ 1.26 ಕೋಟಿ ಡಾಲರಿಗೆ ಮಾರಾಟವಾಯಿತು. 1981ರಲ್ಲಿ ಫ್ಲೀರ್ ಮತ್ತು ಡಾನ್‌ರಸ್, 1989ರಲ್ಲಿ ಅಪ್ಪರ್ ಡೆಕ್ ಸ್ಪರ್ಧೆಗಿಳಿದವು. ಈಗ ಕಣದಲ್ಲಿ ಹೆಚ್ಚು ಹೆಸರುಗಳಿಲ್ಲ: 2010ರಿಂದ ಮೇಜರ್ ಲೀಗ್‌ನ ಪೂರ್ಣ ಪರವಾನಗಿ ಟಾಪ್ಸ್ ಕೈಯಲ್ಲೇ ಇದೆ, 2022ರ ಜನವರಿಯಲ್ಲಿ ಆ ಕಂಪನಿಯ ಕಾರ್ಡು ವ್ಯವಹಾರವನ್ನು ಫ್ಯಾನಾಟಿಕ್ಸ್ ಕೊಂಡುಕೊಂಡಿತು. ಆಟಗಾರರ ಸಂಘದ ಪರವಾನಗಿಯಷ್ಟೇ ಪಡೆದು ಪನೀನಿ ಹೊರತಂದ ಬೇಸ್‌ಬಾಲ್ ಕಾರ್ಡುಗಳಲ್ಲಿ ಆಟಗಾರನ ಚಿತ್ರವಿದ್ದರೂ ತಂಡದ ಲಾಂಛನವಿರುವುದಿಲ್ಲ. ಟೋಪಿಯ ಮೇಲಿನ ಗುರುತು ಅಳಿಸಿದ ಚಿತ್ರಗಳನ್ನು ನೋಡಿ ಮಕ್ಕಳು ಮುಖ ಸಿಂಡರಿಸುವುದುಂಟು. ಬಾಕ್ಸ್ ಅಗ್ಗವೆಂದು ಕೊಳ್ಳುವ ಮೊದಲು ಇದು ಗೊತ್ತಿರಲಿ.

ಹೊಸಬರಿಗೆ ನನ್ನ ಸಲಹೆ ಟಾಪ್ಸ್‌ನ ಮುಖ್ಯ ಸೆಟ್. ವರ್ಷದ ಆರಂಭದಲ್ಲಿ ಸೀರೀಸ್ 1, ನಡುವೆ ಸೀರೀಸ್ 2, ಕೊನೆಯ ಭಾಗದಲ್ಲಿ ಅಪ್‌ಡೇಟ್ ಎಂದು ಮೂರು ಕಂತುಗಳಲ್ಲಿ ಅದು ಬರುತ್ತದೆ. ಹಳೆಯ ವಿನ್ಯಾಸಗಳನ್ನು ಮರಳಿ ಬಳಸುವ ಹೆರಿಟೇಜ್ ನೋಡಲು ಬಹಳ ಚೆಂದ, ಆದರೆ ಅದರ 500 ಕಾರ್ಡುಗಳ ಸೆಟ್ಟಿನಲ್ಲಿ 100 ಕಾರ್ಡುಗಳನ್ನು ಬೇಕೆಂದೇ ಕಡಿಮೆ ಮುದ್ರಿಸುವ ಪರಿಪಾಠವಿದೆ. ಮೊದಲ ಸಂಗ್ರಹಕ್ಕೆ ಅದನ್ನು ಆರಿಸಿಕೊಂಡವರು ಅರ್ಧದಲ್ಲೇ ಕೈಚೆಲ್ಲುತ್ತಾರೆ. ಬೌಮನ್ ಸೆಟ್ಟುಗಳಲ್ಲಿ ಇನ್ನೂ ಮೇಜರ್ ಲೀಗ್ ತಲುಪದ ಹುಡುಗರೇ ತುಂಬಿರುತ್ತಾರೆ. ಕ್ರೋಮ್ ಎಂಬುದು ಹೊಳಪಿನ ಕಾರ್ಡುಗಳ ಸೆಟ್. ಒಂದೇ ಬಾಕ್ಸಿನಲ್ಲಿ ಬೆರಳೆಣಿಕೆಯಷ್ಟು ಕಾರ್ಡುಗಳನ್ನಿಟ್ಟು ನೂರಾರು ಡಾಲರ್ ಕೇಳುವ ದುಬಾರಿ ಬಾಕ್ಸ್‌ಗಳು ಸೆಟ್ ಕಟ್ಟುವವರಿಗೆ ಸಂಬಂಧಪಟ್ಟವಲ್ಲ.

ಹಾಬಿ ಬಾಕ್ಸೋ, ಬ್ಲಾಸ್ಟರೋ?

ಒಂದೇ ಸೆಟ್ ಬೇರೆ ಬೇರೆ ಬಾಕ್ಸ್‌ಗಳಲ್ಲಿ ಮಾರಾಟವಾಗುತ್ತದೆ, ಹೊಸಬರು ಮೊದಲು ಎಡವುವುದು ಇಲ್ಲಿಯೇ. ಕಾರ್ಡ್ ಅಂಗಡಿಗಳಿಗೆ ಹೋಗುವುದು ಹಾಬಿ ಬಾಕ್ಸ್. ಟಾರ್ಗೆಟ್, ವಾಲ್‌ಮಾರ್ಟ್‌ನಂಥ ಮಳಿಗೆಗಳ ಕಪಾಟಿನಲ್ಲಿರುವುದು ಬ್ಲಾಸ್ಟರ್, ಹ್ಯಾಂಗರ್, ಮೆಗಾ ಎಂಬ ಚಿಕ್ಕ ಬಾಕ್ಸ್‌ಗಳು. 2021ರ ಟಾಪ್ಸ್ ಸೀರೀಸ್ 1 ಅನ್ನೇ ತೆಗೆದುಕೊಳ್ಳಿ: ಸೆಟ್ಟಿನಲ್ಲಿ 330 ಕಾರ್ಡುಗಳು, ಹಾಬಿ ಬಾಕ್ಸಿನಲ್ಲಿ 14 ಕಾರ್ಡುಗಳ 24 ಪ್ಯಾಕ್‌ಗಳು, ಜತೆಗೆ ಒಂದು ಆಟೋಗ್ರಾಫ್ ಅಥವಾ ಜೆರ್ಸಿ ತುಂಡಿನ ರೆಲಿಕ್ ಕಾರ್ಡು ಬಂದೇ ಬರುತ್ತದೆಂಬ ಭರವಸೆ. ಹಾಬಿ ಬಾಕ್ಸಿನದೇ ದೊಡ್ಡ ರೂಪವಾದ ಜಂಬೋ ಬಾಕ್ಸಿನಲ್ಲಿ 46 ಕಾರ್ಡುಗಳ 10 ಪ್ಯಾಕ್‌ಗಳು, ಒಂದು ಆಟೋಗ್ರಾಫ್ ಮತ್ತು ಎರಡು ರೆಲಿಕ್‌ಗಳು. ವರ್ಷದಿಂದ ವರ್ಷಕ್ಕೆ ಈ ಸಂಖ್ಯೆಗಳು ಬದಲಾಗುತ್ತವೆ, ಆದ್ದರಿಂದ ಹಿಂದಿನ ವರ್ಷದ ನೆನಪಿನ ಮೇಲೆ ಕೊಳ್ಳದೆ ಬಾಕ್ಸಿನ ಮೇಲೆ ಅಚ್ಚಾಗಿರುವುದನ್ನು ಓದಬೇಕು.

ಬ್ಲಾಸ್ಟರ್‌ನ ಬೆಲೆ ಕಡಿಮೆ, ಆದರೆ ಒಳಗಿರುವ ಕಾರ್ಡುಗಳೂ ಕಡಿಮೆ, ಆಟೋಗ್ರಾಫ್ ಸಿಗುವ ಸಂಭವವಂತೂ ತೀರಾ ಕಡಿಮೆ. ಹುಟ್ಟುಹಬ್ಬದ ಉಡುಗೊರೆಗೆ ಅದು ಸಾಕು. ಸೆಟ್ ಕಟ್ಟುವುದಕ್ಕೆ ಹಾಬಿ ಅಥವಾ ಜಂಬೋ ಬೇಕು. ಎರಡರ ನಡುವೆ ಆರಿಸಲು ಬಾಕ್ಸಿನ ಬೆಲೆಯನ್ನು ಒಳಗಿನ ಕಾರ್ಡುಗಳ ಸಂಖ್ಯೆಯಿಂದ ಭಾಗಿಸಿ ನೋಡಿ. 336 ಕಾರ್ಡುಗಳ ಬಾಕ್ಸಿಗೆ 100 ಡಾಲರ್ ಕೊಟ್ಟರೆ ಕಾರ್ಡಿಗೆ ಸುಮಾರು 30 ಸೆಂಟ್ ಬೀಳುತ್ತದೆ. ಅದೇ ಸೆಟ್ಟಿನ ಸಾಧಾರಣ ಆಟಗಾರನ ಬಿಡಿ ಕಾರ್ಡು, ಮಾರಾಟಗಾರರು ಒಂದೆಡೆ ಸೇರುವ ಕಾರ್ಡ್ ಶೋಗಳಲ್ಲಿ ಇದಕ್ಕಿಂತ ಕಡಿಮೆಗೆ ಸಿಗುತ್ತದೆ ಎಂಬುದು ನೆನಪಿರಲಿ. ಉಳಿದ ಹಣ ಹೋಗುವುದು ಪ್ಯಾಕ್ ಬಿಡಿಸುವ ಸಂತೋಷಕ್ಕೆ ಮತ್ತು ಅದೃಷ್ಟಕ್ಕೆ. ಅದನ್ನು ತಿಳಿದೇ ಕೊಟ್ಟರೆ ತಪ್ಪೇನೂ ಇಲ್ಲ.

ಲೆಕ್ಕ: ಎಷ್ಟು ಬಾಕ್ಸ್ ಸಾಕು?

ಇದೇ ಈ ಬರಹದ ಮುಖ್ಯ ಭಾಗ. 336 ಕಾರ್ಡುಗಳ ಬಾಕ್ಸಿನಿಂದ 330 ಕಾರ್ಡುಗಳ ಸೆಟ್ ಪೂರ್ತಿಯಾಗಬೇಕಲ್ಲ ಎಂದು ಅನ್ನಿಸುತ್ತದೆ. ಆಗುವುದಿಲ್ಲ. ಪ್ರತಿ ಪ್ಯಾಕ್‌ನಲ್ಲೂ ಎರಡು ಮೂರು ಸ್ಥಾನಗಳನ್ನು ಇನ್ಸರ್ಟ್‌ಗಳು (ಮೂಲ ಸೆಟ್ಟಿನ ಹೊರಗಿನ ವಿಶೇಷ ಕಾರ್ಡುಗಳು) ಮತ್ತು ಪ್ಯಾರಲಲ್‌ಗಳು (ಮೂಲ ಕಾರ್ಡಿನದೇ ಬಣ್ಣದ ಅಂಚಿನ ರೂಪಗಳು) ಆಕ್ರಮಿಸುತ್ತವೆ ಎಂದುಕೊಂಡರೆ, ಮೂಲ ಸೆಟ್ಟಿಗೆ ಸೇರುವ ಕಾರ್ಡುಗಳು 264ರಿಂದ 288 ಮಾತ್ರ. ಅವುಗಳಲ್ಲೂ ಕೆಲವು ಪುನರಾವರ್ತನೆಯಾಗಬಹುದು.

ಎರಡನೆಯ ಬಾಕ್ಸ್ ಕೊಂಡಾಗ ನಿಜವಾದ ತೊಂದರೆ ತಲೆಯೆತ್ತುತ್ತದೆ. ಕಾರ್ಡುಗಳು ಸಂಪೂರ್ಣ ಯಾದೃಚ್ಛಿಕವಾಗಿ ಬರುತ್ತವೆ ಎಂದು ಭಾವಿಸಿದರೆ ಗಣಿತ ಹೇಳುವುದು ಹೀಗೆ: 330ರ ಅರ್ಧದಷ್ಟು, ಅಂದರೆ 165 ಬೇರೆ ಬೇರೆ ಕಾರ್ಡುಗಳು ಸೇರಲು ಸರಾಸರಿ 228 ಕಾರ್ಡುಗಳು ಸಾಕು; ಪೂರ್ತಿ 330 ಸೇರಲು ಸುಮಾರು 2,100 ಕಾರ್ಡುಗಳು ಬೇಕು. ಆ 2,100ರಲ್ಲಿ ಕೊನೆಯ 10 ಕಾರ್ಡುಗಳಿಗಾಗಿಯೇ ಸುಮಾರು 970 ಕಾರ್ಡುಗಳನ್ನು ಬಿಡಿಸಬೇಕು, ಕಟ್ಟಕಡೆಯ ಒಂದಕ್ಕಾಗಿ ಸರಾಸರಿ 330. ಕಾರ್ಖಾನೆಯಲ್ಲಿ ಪ್ಯಾಕ್ ಮಾಡುವ ಕ್ರಮ ಇಷ್ಟು ಯಾದೃಚ್ಛಿಕವಲ್ಲ, ಒಂದೇ ಬಾಕ್ಸಿನೊಳಗೆ ಪುನರಾವರ್ತನೆ ಕಡಿಮೆ ಇರುವಂತೆ ಜೋಡಿಸಿರುತ್ತಾರೆ, ಹಾಗಾಗಿ ವಾಸ್ತವ ಇದಕ್ಕಿಂತ ಸ್ವಲ್ಪ ಮೃದು. ಆದರೂ ಲೆಕ್ಕದ ರೂಪ ಬದಲಾಗುವುದಿಲ್ಲ: ಆರಂಭದಲ್ಲಿ ಬಾಕ್ಸ್ ಧಾರಾಳವಾಗಿ ಕೊಡುತ್ತದೆ, ಕೊನೆಗೆ ಜಿಪುಣನಾಗುತ್ತದೆ.

ಆದ್ದರಿಂದ ನಿಯಮ ಸರಳ. ಒಂದು ಹಾಬಿ ಬಾಕ್ಸ್ ಅಥವಾ ಒಂದು ಜಂಬೋ ಕೊಳ್ಳಿ. ತುಂಬ ಆಸೆಯಿದ್ದರೆ ಎರಡು. ಅಲ್ಲಿಗೆ ನಿಲ್ಲಿಸಿ. ಉಳಿದವನ್ನು ಬಿಡಿಯಾಗಿ ಕೊಳ್ಳುವುದು ಅಥವಾ ಬದಲಾಯಿಸಿಕೊಳ್ಳುವುದು ಮೂರನೆಯ ಬಾಕ್ಸಿಗಿಂತ ಎಷ್ಟೋ ಅಗ್ಗ.

ಪ್ಯಾಕ್‌ನ ಹಿಂಬದಿಯಲ್ಲಿ ಚಿಕ್ಕ ಅಕ್ಷರಗಳಲ್ಲಿ ಅಚ್ಚಾಗಿರುವ ಸಂಭವಗಳನ್ನೂ ಓದಲು ಕಲಿಯಬೇಕು. ಒಂದು ಇನ್ಸರ್ಟ್ 1:24 ಎಂದಿದ್ದರೆ 24 ಪ್ಯಾಕ್‌ಗಳ ಬಾಕ್ಸಿನಲ್ಲಿ ಒಂದು ಖಚಿತ ಎಂದರ್ಥವಲ್ಲ. ಅದು ಇಡೀ ಮುದ್ರಣದ ಸರಾಸರಿ. ಹಂಚಿಕೆ ಯಾದೃಚ್ಛಿಕವಾಗಿದ್ದರೆ, ಅಂಥ ಬಾಕ್ಸ್‌ಗಳಲ್ಲಿ ನೂರಕ್ಕೆ 36ರಲ್ಲಿ ಅದು ಒಂದೂ ಇರುವುದಿಲ್ಲ. ಬಾಕ್ಸಿನ ಮೇಲೆ ‘ಪ್ರತಿ ಬಾಕ್ಸಿಗೆ ಒಂದು’ ಎಂದು ಬರೆದಿರುವುದಕ್ಕೂ ಪ್ಯಾಕ್‌ನ ಮೇಲಿನ ಸಂಭವಕ್ಕೂ ಇರುವ ವ್ಯತ್ಯಾಸವನ್ನು ಮಾರುವವರು ತಾವಾಗಿ ವಿವರಿಸುವುದಿಲ್ಲ.

ಎಲ್ಲಿ, ಯಾವಾಗ ಕೊಳ್ಳಬೇಕು?

ಊರಿನ ಕಾರ್ಡ್ ಅಂಗಡಿಯಿಂದ ಶುರುಮಾಡಿ. ಅಂತರ್ಜಾಲದ ಬೆಲೆಗಿಂತ ಐದಾರು ಡಾಲರ್ ಹೆಚ್ಚಾದರೂ, ಬಾಕ್ಸನ್ನು ಕೈಯಲ್ಲಿ ಹಿಡಿದು ನೋಡಬಹುದು, ಸಾಗಣೆಯ ವೆಚ್ಚವಿಲ್ಲ, ಮುಂದೆ ಬಿಡಿ ಕಾರ್ಡು ಬೇಕಾದಾಗ ಮಾತನಾಡಿಸಲು ಒಬ್ಬರಿರುತ್ತಾರೆ. ಟಾಪ್ಸ್‌ನ ಸ್ವಂತ ಜಾಲತಾಣ, ಬಹುಕಾಲದಿಂದ ವ್ಯವಹಾರ ನಡೆಸುತ್ತಿರುವ ಆನ್‌ಲೈನ್ ಮಾರಾಟಗಾರರು, ನಂತರ ಕಾರ್ಡ್ ಶೋಗಳು. ಇಬೇಯಲ್ಲಿ ಕೊಳ್ಳುವುದಾದರೆ ಕೇಳುತ್ತಿರುವ ಬೆಲೆಯನ್ನು ನೋಡಬೇಡಿ, ಈಗಾಗಲೇ ಮಾರಾಟವಾದ ಬೆಲೆಗಳನ್ನಷ್ಟೇ ತೋರಿಸುವ ಆಯ್ಕೆಯನ್ನು ಒತ್ತಿ ಹೋಲಿಸಿ. ತೆರಿಗೆ ಮತ್ತು ಸಾಗಣೆ ಸೇರಿಸಿದ ಮೇಲೆ ಬರುವುದೇ ನಿಜವಾದ ಬೆಲೆ.

ಬಿಡುಗಡೆಗೆ ಮೊದಲೇ ಕಾಯ್ದಿರಿಸುವ ಆತುರ ಬೇಡ. ಬಿಡುಗಡೆಯ ಹೊತ್ತಿಗೆ ಕಾರ್ಡುಗಳ ಪೂರ್ಣ ಚೆಕ್‌ಲಿಸ್ಟ್ ಪ್ರಕಟವಾಗುತ್ತದೆ; ಆ ವರ್ಷದ ಹೆಸರಾಂತ ರೂಕಿಗಳು ಈ ಕಂತಿನಲ್ಲಿದ್ದಾರೋ ಮುಂದಿನದರಲ್ಲಿದ್ದಾರೋ ಎಂಬುದು ಆಗ ಗೊತ್ತಾಗುತ್ತದೆ. ಸೀರೀಸ್ 1ರಂಥ ದೊಡ್ಡ ಮುದ್ರಣದ ಸೆಟ್ಟುಗಳಿಗೆ ಕೊರತೆ ಬರುವುದು ಅಪರೂಪ. 2021ರಲ್ಲಿ ಕಾರ್ಡುಗಳ ಹುಚ್ಚು ಹೇಗೆ ಏರಿತ್ತೆಂದರೆ, ವಿಸ್ಕಾನ್ಸಿನ್ ರಾಜ್ಯದ ಮಳಿಗೆಯೊಂದರ ವಾಹನ ನಿಲುಗಡೆ ಜಾಗದಲ್ಲಿ ನಡೆದ ಹೊಡೆದಾಟದ ಬಳಿಕ ಟಾರ್ಗೆಟ್ ತನ್ನ ಅಂಗಡಿಗಳಲ್ಲಿ ಕ್ರೀಡಾ ಕಾರ್ಡುಗಳ ಮಾರಾಟವನ್ನೇ ಕೆಲಕಾಲ ನಿಲ್ಲಿಸಿತು. ಅಂಥ ಏರಿಕೆಯ ದಿನಗಳಲ್ಲಿ ಕೊಂಡವರಿಗೆ ನಂತರದ ಇಳಿಕೆ ಕಹಿಯಾಗಿಯೇ ಪರಿಣಮಿಸಿತು.

ಬಾಕ್ಸ್ ನಿಜವಾಗಿ ಸೀಲ್ ಆಗಿದೆಯೇ?

ಬಿಡಿ ಪ್ಯಾಕ್ ಬಿಟ್ಟು ಪೂರ್ತಿ ಬಾಕ್ಸ್ ಕೊಳ್ಳುವುದಕ್ಕೆ ಬಲವಾದ ಕಾರಣವಿದೆ. ರೆಲಿಕ್ ಕಾರ್ಡುಗಳು ಸಾಮಾನ್ಯ ಕಾರ್ಡಿಗಿಂತ ದಪ್ಪ. ಪ್ಯಾಕ್‌ಗಳನ್ನು ಸೂಕ್ಷ್ಮ ತಕ್ಕಡಿಯಲ್ಲಿ ತೂಗಿ ಅಥವಾ ಬೆರಳುಗಳ ನಡುವೆ ಒತ್ತಿ ನೋಡಿ, ದಪ್ಪನೆಯದನ್ನು ತೆಗೆದಿಟ್ಟುಕೊಂಡು ಉಳಿದದ್ದನ್ನು ಮಾರುವ ಜನರಿದ್ದಾರೆ. ಇದನ್ನು ತಡೆಯಲೆಂದು ಕಂಪನಿಗಳು ಕೆಲವು ಪ್ಯಾಕ್‌ಗಳಲ್ಲಿ ದಪ್ಪನೆಯ ಖಾಲಿ ರಟ್ಟನ್ನು ಹಾಕಿದ್ದೂ ಉಂಟು. ಸೀಲ್ ಒಡೆಯದ ಬಾಕ್ಸಿನಲ್ಲಿ ಈ ಆಟ ನಡೆಯುವುದಿಲ್ಲ, ಸೀಲ್ ಅಸಲಿಯಾಗಿದ್ದರೆ.

ಹೊಸ ಬಾಕ್ಸನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಧಾನವಾಗಿ ತಿರುಗಿಸಿ. ಪ್ಲಾಸ್ಟಿಕ್ ಹೊದಿಕೆ ಎಲ್ಲ ಬದಿಗಳಲ್ಲೂ ಸಮನಾಗಿ ಬಿಗಿದಿರಬೇಕು. ಟಾಪ್ಸ್‌ನ ಹೊದಿಕೆಯ ಮೇಲೆ ಕಂಪನಿಯ ಹೆಸರು ಅಚ್ಚಾಗಿರುವಲ್ಲಿ ಆ ಅಕ್ಷರಗಳು ಚುಕ್ಕಿ ಚೆದುರಿದಂತಿರಬಾರದು. ಹೊದಿಕೆಯ ಜೋಡಣೆಯ ಗೆರೆ ನೇರವಾಗಿದೆಯೇ, ಮೂಲೆಗಳಲ್ಲಿ ಪ್ಲಾಸ್ಟಿಕ್ ಕರಗಿ ಗಂಟಾಗಿದೆಯೇ, ಒಳಗಿನ ರಟ್ಟಿನ ಮುಚ್ಚಳದ ಅಂಚು ಮಡಚಿ ಮತ್ತೆ ನೆಟ್ಟಗೆ ಮಾಡಿದಂತಿದೆಯೇ ಎಂದು ನೋಡಿ. ದೊಡ್ಡ ಮಳಿಗೆಗಳ ಚಿಕ್ಕ ಬಾಕ್ಸ್‌ಗಳಲ್ಲಿ, ಒಳ್ಳೆಯದನ್ನು ತೆಗೆದುಕೊಂಡು ಪುನಃ ಮುಚ್ಚಿ ವಾಪಸು ಕೊಟ್ಟ ಪ್ರಕರಣಗಳು ಇರುವುದರಿಂದ, ಅಂಟಿನ ಗುರುತುಗಳ ಕಡೆಗೂ ಕಣ್ಣಿರಲಿ.

ಇನ್ನೊಂದು ಸೂಕ್ಷ್ಮವಿದೆ. ಹಾಬಿ ಬಾಕ್ಸ್‌ಗಳು ಕಾರ್ಖಾನೆಯಿಂದ ಕೇಸ್‌ಗಳಲ್ಲಿ, ಸಾಮಾನ್ಯವಾಗಿ ಹನ್ನೆರಡು ಬಾಕ್ಸ್‌ಗಳ ಲೆಕ್ಕದಲ್ಲಿ ಬರುತ್ತವೆ. ಕೆಲವು ಅಪರೂಪದ ಕಾರ್ಡುಗಳು ಕೇಸಿಗೆ ಒಂದರಂತೆ ಬೀಳುತ್ತವೆ. ಕೇಸಿನ ಕೆಲವು ಬಾಕ್ಸ್‌ಗಳನ್ನು ತಾವೇ ಒಡೆದು, ಆ ಕಾರ್ಡು ಸಿಕ್ಕಿದ ಕೂಡಲೇ ಉಳಿದ ಬಾಕ್ಸ್‌ಗಳನ್ನು ಸ್ವಲ್ಪ ಅಗ್ಗದಲ್ಲಿ ಮಾರುವವರಿದ್ದಾರೆ. ಸೀಲ್ ಅಸಲಿ, ವಂಚನೆ ಎನ್ನುವಂತಿಲ್ಲ, ಆದರೂ ನಿಮ್ಮ ಬಾಕ್ಸಿನ ಅದೃಷ್ಟ ಮೊದಲೇ ಖರ್ಚಾಗಿರುತ್ತದೆ. ಬಿಡಿ ಮಾರಾಟಗಾರರಿಂದ ಕೊಳ್ಳುವಾಗ ಕೇಸನ್ನು ಯಾರು ತೆರೆದರು, ಉಳಿದ ಬಾಕ್ಸ್‌ಗಳು ಏನಾದವು ಎಂದು ಕೇಳುವುದರಲ್ಲಿ ಸಂಕೋಚ ಬೇಡ.

ಹಳೆಯ ಬಾಕ್ಸ್‌ಗಳ ಮೋಹ

1980ರ ದಶಕದ ಕೊನೆ ಮತ್ತು 90ರ ಆರಂಭದ ಬಾಕ್ಸ್‌ಗಳು ಇಂದಿಗೂ ಸೀಲ್ ಒಡೆಯದ ಸ್ಥಿತಿಯಲ್ಲಿ ಅಗ್ಗವಾಗಿ ಸಿಗುತ್ತವೆ, ಏಕೆಂದರೆ ಆಗ ಕಂಪನಿಗಳು ಮಿತಿಯಿಲ್ಲದೆ ಮುದ್ರಿಸಿದವು, ಜನ ಹೂಡಿಕೆಯೆಂದು ತಿಳಿದು ಕೂಡಿಟ್ಟರು. 1987ರ ಟಾಪ್ಸ್ ಬಾಕ್ಸಿನಲ್ಲಿ 17 ಕಾರ್ಡುಗಳ 36 ಪ್ಯಾಕ್‌ಗಳು. ಮರದ ಹಲಗೆಯಂಥ ಅಂಚಿನ ಆ 792 ಕಾರ್ಡುಗಳ ಸೆಟ್ ಕಟ್ಟುವುದು ಕಡಿಮೆ ಖರ್ಚಿನ ಸೊಗಸಾದ ಹವ್ಯಾಸ. ಮೇಣದ ಕಾಗದದ ಪ್ಯಾಕ್‌ನೊಳಗೆ ಬಬಲ್ ಗಮ್‌ನ ಗುಲಾಬಿ ಪಟ್ಟಿ ಇನ್ನೂ ಇರುತ್ತದೆ. ಅದಕ್ಕೆ ತಾಗಿದ ಕಾರ್ಡಿನ ಮೇಲೆ ಕಂದು ಕಲೆ, ಕಾಗದ ಅಂಟಿಸಿದ ಬದಿಯ ಕಾರ್ಡಿನ ಮೇಲೆ ಮೇಣದ ಜಿಡ್ಡು ಕೂತಿರುವುದರಿಂದ ಪ್ಯಾಕಿಗೆ ಒಂದೆರಡು ಕಾರ್ಡುಗಳು ಕೆಟ್ಟಿವೆ ಎಂದೇ ಎಣಿಸಿ. ಆ ಗಮ್ಮನ್ನು ಮಾತ್ರ ಬಾಯಿಗೆ ಹಾಕಿಕೊಳ್ಳಬೇಡಿ. ಬಬಲ್ ಗಮ್ ಜತೆ ಕ್ರಿಕೆಟ್ ಚಿತ್ರಗಳನ್ನು ಕೂಡಿಟ್ಟ ನಮ್ಮೂರಿನ ತಲೆಮಾರಿಗೆ ಈ ವಾಸನೆ ಅಪರಿಚಿತವೇನಲ್ಲ.

90ರ ದಶಕದ ಹೊಳಪಿನ ಕಾರ್ಡುಗಳ ಕಷ್ಟ ಬೇರೆ: ತೇವದ ಜಾಗದಲ್ಲಿ ವರ್ಷಗಟ್ಟಲೆ ಇದ್ದರೆ ಪ್ಯಾಕ್‌ನ ಕಾರ್ಡುಗಳೆಲ್ಲ ಒಂದಕ್ಕೊಂದು ಅಂಟಿ ಇಟ್ಟಿಗೆಯಾಗುತ್ತವೆ, ಬಿಡಿಸಲು ಹೋದರೆ ಮೇಲ್ಪದರ ಕಿತ್ತು ಬರುತ್ತದೆ. ಸುಮಾರು 20 ವರ್ಷ ಹಳೆಯ ಬಾಕ್ಸ್‌ಗಳಲ್ಲಿ ಇನ್ನೊಂದು ನಷ್ಟ ಕಾದಿರುತ್ತದೆ. ಆಟಗಾರನ ಸಹಿ ಸಮಯಕ್ಕೆ ಸಿಗದಿದ್ದಾಗ ಕಂಪನಿಗಳು ಪ್ಯಾಕ್‌ನಲ್ಲಿ, ನಂತರ ಸಹಿಯಿರುವ ಕಾರ್ಡಿಗೆ ಬದಲಾಯಿಸಿಕೊಳ್ಳಬಹುದಾದ ರಿಡೆಂಪ್ಷನ್ ಚೀಟಿ ಹಾಕುತ್ತವೆ. ಅದರ ಅವಧಿ ಎಂದೋ ಮುಗಿದಿರುತ್ತದೆ. ಹಳೆಯ ಬಾಕ್ಸಿನ ಬೆಲೆಯಲ್ಲಿ ಆಟೋಗ್ರಾಫ್‌ನ ಆಸೆಯೂ ಸೇರಿದ್ದರೆ, ಆ ಸೆಟ್ಟಿನಲ್ಲಿ ಎಷ್ಟು ಸಹಿಗಳು ಚೀಟಿಯ ರೂಪದಲ್ಲಿ ಬಂದಿದ್ದವು ಎಂದು ಮೊದಲು ವಿಚಾರಿಸಿ.

ಬೆಲೆಬಾಳುವ ಹಳೆಯ ಬಾಕ್ಸ್‌ಗಳನ್ನು ಪರಿಶೀಲಿಸಿ, ಹೊಸ ಹೊದಿಕೆ ಸುತ್ತಿ, ಮುದ್ರೆ ಅಂಟಿಸಿ ಕೊಡುವ ಸೇವೆಗಳಿವೆ. ಇಂಡಿಯಾನಾದ ಬೇಸ್‌ಬಾಲ್ ಕಾರ್ಡ್ ಎಕ್ಸ್‌ಚೇಂಜ್ ಅದರಲ್ಲಿ ಹೆಸರಾದದ್ದು. ನೂರಾರು ಡಾಲರಿನ ಹಳೆಯ ಬಾಕ್ಸ್ ಕೊಳ್ಳುವಾಗ ಇಂಥ ಮುದ್ರೆ ಇಲ್ಲದೆ ಮುಂದುವರಿಯಬೇಡಿ, ಇದ್ದರೂ ಕುರುಡಾಗಿ ನಂಬಬೇಡಿ. ಯೂಟ್ಯೂಬ್‌ನಿಂದ ಹೆಸರಾದ ಲೋಗನ್ ಪಾಲ್ 35 ಲಕ್ಷ ಡಾಲರ್ ಕೊಟ್ಟು ಕೊಂಡ, ಪರಿಶೀಲನೆಯಾಗಿದ್ದ ಪೋಕೆಮಾನ್ ಕಾರ್ಡುಗಳ ಕೇಸನ್ನು 2022ರಲ್ಲಿ ತೆರೆದಾಗ ಒಳಗಿದ್ದದ್ದು ಸೈನಿಕ ಬೊಂಬೆಗಳಿಂದ ಹೆಸರಾದ ಜಿ.ಐ. ಜೋ ಸರಣಿಯ ಕಾರ್ಡುಗಳು.

ಬಿಡಿಸುವುದು, ಜೋಡಿಸುವುದು

ಕೈ ತೊಳೆದು, ಒರೆಸಿ, ದೊಡ್ಡ ಮೇಜಿನ ಮುಂದೆ ಕೂರಿ. ಊಟದ ತಟ್ಟೆ, ಕಾಫಿ ಲೋಟ ದೂರವಿರಲಿ. ಪ್ಯಾಕನ್ನು ಹಿಂಬದಿಯ ಜೋಡಣೆಯಲ್ಲಿ ಎರಡೂ ಕಡೆ ಹಿಡಿದು ಬಿಡಿಸಿ. ಮೇಲಿನ ಅಂಚನ್ನು ಹರಿಯಲು ಹೋದರೆ ಕಾರ್ಡಿನ ಮೂಲೆ ಬಾಗುತ್ತದೆ. ಆಟೋಗ್ರಾಫ್, ರೆಲಿಕ್, ಸಂಖ್ಯೆ ಹಾಕಿದ ಪ್ಯಾರಲಲ್‌ಗಳನ್ನು ಸಿಕ್ಕಿದ ಕ್ಷಣವೇ ತೆಳುವಾದ ಪ್ಲಾಸ್ಟಿಕ್ ಕವಚಕ್ಕೆ, ಅಲ್ಲಿಂದ ಗಟ್ಟಿಯಾದ ಟಾಪ್‌ಲೋಡರ್‌ಗೆ ಸೇರಿಸಿ. ಮೂಲ ಕಾರ್ಡುಗಳನ್ನು ಮೊದಲು ನೂರರ ಗುಂಪುಗಳಾಗಿ, ನಂತರ ಹತ್ತರ ಗುಂಪುಗಳಾಗಿ ವಿಂಗಡಿಸಿದರೆ, ಪೂರ್ತಿ ರಾಶಿಯನ್ನು ಕ್ರಮವಾಗಿ ಜೋಡಿಸಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಸಂಖ್ಯೆ ಕಾರ್ಡಿನ ಹಿಂಬದಿಯಲ್ಲಿರುತ್ತದೆ. ಮಕ್ಕಳಿಗೆ ಈ ಕೆಲಸ ಕೊಡಿ. ಅವರು ಅದೇ ಹೊತ್ತಿಗೆ ಬ್ಯಾಟಿಂಗ್ ಸರಾಸರಿ ಓದಲು ಕಲಿತಿರುತ್ತಾರೆ.

ಚೆಕ್‌ಲಿಸ್ಟಿನಲ್ಲಿ ಬಂದವುಗಳ ಮುಂದೆ ಗುರುತು ಹಾಕಿ, ಬಾರದವುಗಳ ಪಟ್ಟಿ ಮಾಡಿ, ಪುನರಾವರ್ತಿತ ಕಾರ್ಡುಗಳನ್ನು ಬೇರೆ ಇಡಿ. ಅದೇ ಸೆಟ್ ಕಟ್ಟುತ್ತಿರುವ ಇನ್ನೊಬ್ಬರು ಸಿಕ್ಕರೆ ಒಂದಕ್ಕೆ ಒಂದರಂತೆ ಬದಲಾಯಿಸಿಕೊಳ್ಳಿ, ಉಳಿದದ್ದನ್ನು ಒಬ್ಬನೇ ಮಾರಾಟಗಾರನಿಂದ ಒಟ್ಟಿಗೆ ಕೊಳ್ಳಿ. ಹತ್ತು ಜನರಿಂದ ಹತ್ತು ಕಾರ್ಡು ತರಿಸಿದರೆ ಅಂಚೆ ವೆಚ್ಚವೇ ಕಾರ್ಡಿನ ಬೆಲೆಯನ್ನು ಮೀರುತ್ತದೆ.

ಅಂದಾಜು ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಎತ್ತರದ ಈ ಕಾರ್ಡುಗಳಿಗೆ ಒಂಬತ್ತು ಕಿಸೆಗಳ ಪುಟಗಳು ಅಳತೆಗೆ ಸರಿಹೊಂದುತ್ತವೆ. ಪಿವಿಸಿ ಇಲ್ಲದವನ್ನೇ ಕೊಳ್ಳಬೇಕು. ನೆಲಮಾಳಿಗೆ ಮತ್ತು ಅಟ್ಟ ಎರಡೂ ಬೇಡ, ಒಂದರಲ್ಲಿ ತೇವ, ಇನ್ನೊಂದರಲ್ಲಿ ಬಿಸಿ. ಕ್ರೋಮ್ ಕಾರ್ಡುಗಳು ತೇವಕ್ಕೆ ಬೇಗ ಬಾಗುತ್ತವೆ. ಸೀಲ್ ಒಡೆಯದೆ ಇಡಲೆಂದು ಕೊಂಡ ಬಾಕ್ಸಿಗೂ ಇದೇ ನಿಯಮ, ಜತೆಗೆ ಖರೀದಿಯ ರಸೀದಿಯನ್ನು ಜೋಪಾನ ಮಾಡಬೇಕು, ಮುಂದೆ ಮಾರುವಾಗ ಅದೇ ಆಧಾರ.

ಬೆಂಗಳೂರಿಗೋ ಮೈಸೂರಿಗೋ ತರಿಸಿಕೊಳ್ಳಬೇಕೆನ್ನುವವರು ಸಾಗಣೆ ಮತ್ತು ಆಮದು ಸುಂಕ ಸೇರಿಸಿ ಲೆಕ್ಕ ಹಾಕಿದರೆ ಹಾಬಿ ಬಾಕ್ಸ್ ಕೈಗೆಟುಕದಷ್ಟು ದುಬಾರಿಯೆಂದು ಗೊತ್ತಾಗುತ್ತದೆ, ಬಿಡಿ ಕಾರ್ಡುಗಳನ್ನು ಬದಲಾಯಿಸಿಕೊಳ್ಳಲು ಇಲ್ಲಿ ಜತೆಗಾರರೂ ಕಡಿಮೆ. ಅಂಥವರಿಗೆ ಕಂಪನಿಯೇ ಪೂರ್ತಿ ಜೋಡಿಸಿ ಸೀಲ್ ಮಾಡಿದ ಫ್ಯಾಕ್ಟರಿ ಸೆಟ್ ವಾಸಿ. 2021ರ ಸೆಟ್ಟಿನಲ್ಲಿ ಸೀರೀಸ್ 1 ಮತ್ತು 2 ಎರಡೂ ಸೇರಿ 660 ಕಾರ್ಡುಗಳಿದ್ದವು, ಮತ್ತು ರಜೆಗೆ ಊರಿಗೆ ಬರುವ ನೆಂಟರ ಕೈಚೀಲದಲ್ಲಿ ಅಂಥದ್ದೊಂದು ಪೆಟ್ಟಿಗೆಗೆ ಜಾಗ ಸಿಗುವುದು ಕಷ್ಟವಲ್ಲ.